ರಜಾಕಾರರನ್ನು ನೆನೆಯುವವರು ಶೋಯೆಬುಲ್ಲಾ ಖಾನರನ್ನು ಮರೆತದ್ದೇಕೆ?

ಸೆಪ್ಟೆಂಬರ್ 17 ಬಂತೆಂದರೆ ಕಲಬುರಗಿಯಲ್ಲಿ ಸರ್ದಾರ್ ಪಟೇಲರ ಪ್ರತಿಮೆಗೆ ಹಾರ ಬೀಳುತ್ತದೆ, ಧ್ವಜಾರೋಹಣ ನಡೆಯುತ್ತದೆ, ವೇದಿಕೆಯ ಮೇಲೆ ಭಾಷಣಗಳು ಮೊಳಗುತ್ತವೆ. 1948ರ ಅದೇ ದಿನ ಹೈದರಾಬಾದಿನ ನಿಜಾಮರು ತಮ್ಮ ಸೇನೆಗೆ ಶಸ್ತ್ರ ಕೆಳಗಿಡಲು ಹೇಳಿದರು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಭಾರತದ ಒಕ್ಕೂಟಕ್ಕೆ ಸೇರಿದವು. ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಎಂದು ಕರೆಯಲಾಗುತ್ತಿದ್ದ ಆ ದಿನ, 2019ರಲ್ಲಿ ಪ್ರದೇಶದ ಹೆಸರೇ ಬದಲಾದ ಬಳಿಕ ಕಲ್ಯಾಣ ಕರ್ನಾಟಕ ಉತ್ಸವ ದಿನವಾಗಿದೆ. ಈ ಆಚರಣೆಗೆ ನಮ್ಮ ಆಕ್ಷೇಪವಿಲ್ಲ. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥ, ಸರ್ದಾರ್ ಶರಣಗೌಡ ಇನಾಮದಾರ, ಕೋಲೂರು ಮಲ್ಲಪ್ಪ ಮೊದಲಾದವರು ಅರಸೊತ್ತಿಗೆಯ ವಿರುದ್ಧ ನಿಂತು ಸೆರೆಮನೆ ಕಂಡವರು ಅಥವಾ ಗಡಿಶಿಬಿರಗಳಲ್ಲಿ ಪ್ರಾಣ ಒತ್ತೆಯಿಟ್ಟವರು. ಅವರಿಗೆ ಗೌರವ ಸಲ್ಲಲೇಬೇಕು. ಪ್ರಜೆಗಳ ಆಳ್ವಿಕೆ ಬೇಕೆಂದು ಕೇಳಿದವರ ಋಣ ನಮ್ಮ ಮೇಲೂ ಇದೆ.

ಆದರೆ ಆ ವೇದಿಕೆಯಲ್ಲಿ ಎರಡು ಮಾತುಗಳು ಮಾತ್ರ ಕೇಳಿಬರುತ್ತವೆ. ಒಂದು, ವಿಮೋಚನೆಗಾಗಿ ಹೋರಾಡಿದವರ ಸ್ತುತಿ. ಇನ್ನೊಂದು, ರಜಾಕಾರರ ನಿಂದೆ. ಇವೆರಡರ ನಡುವೆ ಇದ್ದ ಮನುಷ್ಯರೆಲ್ಲ ಎಲ್ಲಿ ಹೋದರು? ಯುದ್ಧವೇ ಬೇಡ, ರಕ್ತಪಾತ ಬೇಡ, ಮಾತುಕತೆಯಿಂದ ಒಕ್ಕೂಟ ಸೇರೋಣ ಎಂದು ನಿಜಾಮರ ರಾಜಧಾನಿಯಲ್ಲೇ ನಿಂತು ಹೇಳಿದ ಮುಸ್ಲಿಮರು ಇದ್ದರಲ್ಲವೇ? ಅವರ ಹೆಸರನ್ನು ಯಾವ ಭಾಷಣಕಾರರಾದರೂ ಎತ್ತಿದ್ದುಂಟೇ? ಅದಕ್ಕಿಂತ ಹೆಚ್ಚಾಗಿ, ನಮ್ಮ ಸಮುದಾಯದ ಎಷ್ಟು ಮನೆಗಳಲ್ಲಿ ಆ ಹೆಸರುಗಳು ಗೊತ್ತಿವೆ?

ಮೊದಲು ಆ ಹೆಸರುಗಳನ್ನೇ ಹೇಳೋಣ.

ಮೈಸೂರಿನ ದಿವಾನರಾಗಿ 1926ರಿಂದ 1941ರವರೆಗೆ ಸೇವೆ ಸಲ್ಲಿಸಿದ ಸರ್ ಮಿರ್ಜಾ ಇಸ್ಮಾಯಿಲ್ ಕನ್ನಡಿಗರಿಗೆ ಸುಪರಿಚಿತರು. ಅವರೇ 1946ರಲ್ಲಿ ಹೈದರಾಬಾದಿನ ಪ್ರಧಾನಮಂತ್ರಿಯಾದರು ಎಂಬುದು ಅಷ್ಟು ಪರಿಚಿತವಲ್ಲ. ಭಾರತದೊಂದಿಗೆ ಹೊಂದಿಕೊಂಡು ಹೋಗುವುದೇ ಸಂಸ್ಥಾನಕ್ಕೆ ಕ್ಷೇಮವೆಂಬುದು ಅವರ ನಿಲುವಾಗಿತ್ತು. ಮಜ್ಲಿಸೆ ಇತ್ತಿಹಾದುಲ್ ಮುಸ್ಲಿಮೀನ್ ಅವರನ್ನು ಬಲವಾಗಿ ವಿರೋಧಿಸಿತು. 1947ರ ಮೇ ತಿಂಗಳಲ್ಲಿ ಅವರು ಹುದ್ದೆ ತೊರೆದರು. ಅವರ ನಂತರ ಬಂದ ಛತಾರಿಯ ನವಾಬರು ಭಾರತದೊಂದಿಗೆ ಒಪ್ಪಂದದ ಹಾದಿ ಹಿಡಿದಾಗ, ಅದೇ ವರ್ಷದ ಅಕ್ಟೋಬರಿನಲ್ಲಿ ಇತ್ತಿಹಾದಿನ ಗುಂಪು ಅವರ ಮನೆಗೆ ಮುತ್ತಿಗೆ ಹಾಕಿತು. ಅವರೂ ಕೆಳಗಿಳಿದರು. ವಿವೇಕದ ಮಾತನಾಡಿದ ಇಬ್ಬರು ಮುಸ್ಲಿಮ್ ಪ್ರಧಾನಮಂತ್ರಿಗಳನ್ನು ಹೀಗೆ ಹೊರದಬ್ಬಿದ ಬಳಿಕ ರಂಗದ ಮೇಲೆ ಉಳಿದದ್ದು ಲಾತೂರಿನ ವಕೀಲ ಖಾಸಿಮ್ ರಜ್ವಿಯ ಅಬ್ಬರ ಮಾತ್ರ.

ಆ ಅಬ್ಬರದ ನಡುವೆಯೂ ಎಲ್ಲರೂ ಮೌನಿಗಳಾಗಿರಲಿಲ್ಲ. 1948ರ ಆಗಸ್ಟಿನಲ್ಲಿ ಬಾಕರ್ ಅಲಿ ಮಿರ್ಜಾ, ಮುಲ್ಲಾ ಅಬ್ದುಲ್ ಬಾಸಿತ್, ಫರೀದ್ ಮಿರ್ಜಾ ಮೊದಲಾದ ಏಳು ಮಂದಿ ಮುಸ್ಲಿಮರು ಬಹಿರಂಗ ಹೇಳಿಕೆ ನೀಡಿದರು. ರಜಾಕಾರ ಪಡೆಯನ್ನು ವಿಸರ್ಜಿಸಬೇಕು, ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಬೇಕು ಎಂಬುದು ಅದರ ಸಾರ. ಇವರಲ್ಲಿ ಫರೀದ್ ಮಿರ್ಜಾ ಸರಕಾರಿ ಅಧಿಕಾರಿಯಾಗಿದ್ದು, ರಜಾಕಾರರ ಅತಿರೇಕವನ್ನು ಪ್ರತಿಭಟಿಸಿ ನೌಕರಿಗೆ ರಾಜೀನಾಮೆ ಕೊಟ್ಟವರು. ಈ ಹೇಳಿಕೆಯನ್ನು ‘ಇಮ್ರೋಜ್’ ಎಂಬ ಉರ್ದು ದೈನಿಕ ಪ್ರಕಟಿಸಿತು. ಅದರ ಸಂಪಾದಕ ಶೋಯೆಬುಲ್ಲಾ ಖಾನ್, ಮೂವತ್ತು ತುಂಬದ ತರುಣ. ಬೆದರಿಕೆ ಬಂದರೂ ಅವರು ಲೇಖನಿ ಕೆಳಗಿಡಲಿಲ್ಲ. ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಮರಳುತ್ತಿದ್ದಾಗ ಕಾಚಿಗುಡದಲ್ಲಿ ಅವರ ಮೇಲೆ ಗುಂಡು ಹಾರಿಸಲಾಯಿತು, ಬರೆಯುತ್ತಿದ್ದ ಕೈಯನ್ನು ಕತ್ತರಿಸಲಾಯಿತು. ಮರುದಿನ ಬೆಳಗಾಗುವುದರೊಳಗೆ ಅವರು ಅಸುನೀಗಿದರು. ಭಾರತದ ಸೇನೆ ಗಡಿ ದಾಟಲು ಇನ್ನೂ ಮೂರು ವಾರವಿತ್ತು.

ರಜಾಕಾರರ ಕ್ರೌರ್ಯದ ಪಟ್ಟಿಯನ್ನು ಒಪ್ಪಿಸುವವರು ಇದನ್ನೂ ಆ ಪಟ್ಟಿಗೆ ಸೇರಿಸಬೇಕು. ರಜಾಕಾರರು ಕೊಂದವರಲ್ಲಿ ಒಬ್ಬ ಮುಸ್ಲಿಮ್ ಸಂಪಾದಕನಿದ್ದ. ಅವನನ್ನು ಕೊಂದದ್ದು ಅವನು ಯುದ್ಧೋನ್ಮಾದವನ್ನು ವಿರೋಧಿಸಿದ ಎಂಬ ಕಾರಣಕ್ಕೆ. ಈ ಒಂದು ಸಂಗತಿಯನ್ನು ವೇದಿಕೆಯಿಂದ ಹೇಳಿಬಿಟ್ಟರೆ ‘ರಜಾಕಾರ’ ಮತ್ತು ‘ಮುಸ್ಲಿಮ್’ ಎಂಬೆರಡು ಪದಗಳನ್ನು ಸಮಾನಾರ್ಥಕವೆಂಬಂತೆ ಬಳಸುವುದು ಕಷ್ಟವಾಗುತ್ತದೆ. ಬಹುಶಃ ಅದಕ್ಕಾಗಿಯೇ ಅದನ್ನು ಹೇಳುವುದಿಲ್ಲ.

ರಜಾಕಾರರು ಎಸಗಿದ್ದನ್ನು ಮುಚ್ಚಿಡುವ ಇಚ್ಛೆ ನಮಗಿಲ್ಲ. ಬಸವಕಲ್ಯಾಣ ತಾಲೂಕಿನ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ಮನುಷ್ಯರಾದವರು ತಲೆ ತಗ್ಗಿಸಬೇಕಾದ ಕೃತ್ಯ. ಅಲ್ಲಿ ಸತ್ತವರಿಗಾಗಿ ನಿರ್ಮಿಸಿದ ಸ್ಮಾರಕ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಸತ್ತವರನ್ನು ನೆನೆಯುವುದು ನ್ಯಾಯ. ಆದರೆ ನೆನಪು ಸೆಪ್ಟೆಂಬರ್ 17ರ ಸಂಜೆಗೆ ನಿಂತುಬಿಡುವುದು ಯಾವ ನ್ಯಾಯ? ಸೆಪ್ಟೆಂಬರ್ 18ರ ಬಳಿಕ ಸತ್ತವರು ಮನುಷ್ಯರಾಗಿರಲಿಲ್ಲವೇ?

ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಹೊರಟ ಸೇನೆ ನಳದುರ್ಗವನ್ನು ವಶಪಡಿಸಿಕೊಂಡು ಉಮರ್ಗಾದ ಮಾರ್ಗವಾಗಿ ಮುಂದುವರಿಯಿತು. ಅದು ಆಳಂದ ಸೀಮೆಯ ನೆರೆಯ ದಾರಿ. ಟ್ಯಾಂಕುಗಳು ಬಂದವು, ಯುದ್ಧವಿಮಾನಗಳು ಹಾರಿದವು, ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಂದೆ ನಿಜಾಮರ ಸೇನಾಪತಿ ಶರಣಾದರು. ಇಷ್ಟಾದರೂ ಸರಕಾರ ಅದನ್ನು ಯುದ್ಧವೆನ್ನಲಿಲ್ಲ, ‘ಪೊಲೀಸ್ ಕಾರ್ಯಾಚರಣೆ’ ಎಂದಿತು. ಹೆಸರಿನಲ್ಲೇನಿದೆ ಎಂದು ಕೇಳಬಹುದು. ಹೆಸರಿನಲ್ಲಿ ಬಹಳಷ್ಟಿದೆ. ಯುದ್ಧವೇ ನಡೆದಿಲ್ಲವೆಂದ ಮೇಲೆ ಯುದ್ಧಸಂತ್ರಸ್ತರು ಎಲ್ಲಿಂದ ಬರಬೇಕು? ಯುದ್ಧದ ವಿಧವೆಯರು, ಅನಾಥರು ಎಂಬ ಲೆಕ್ಕ ಯಾರಿಡಬೇಕು? ಮುಂದೆ ಹೋರಾಟಗಾರರಿಗೆ ಸ್ವಾತಂತ್ರ್ಯ ಯೋಧರ ಪಿಂಚಣಿ ದೊರೆಯಿತು, ಅದು ಯೋಗ್ಯವೇ. ಆದರೆ ಬಾವಿಗೆ ಬಿದ್ದ ಹೆಣ್ಣುಮಕ್ಕಳಿಗೆ, ಊರು ಬಿಟ್ಟ ಸಂಸಾರಗಳಿಗೆ ಯಾವ ದಫ್ತರದಲ್ಲೂ ಹೆಸರಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ‘ಪೊಲೀಸ್ ಆ್ಯಕ್ಷನ್’ ಎಂಬ ಮಾತನ್ನು ಹಿರಿಯರು ದನಿ ತಗ್ಗಿಸಿ ಆಡುತ್ತಿದ್ದುದೇ ಅವರ ಏಕೈಕ ದಾಖಲೆ.

ಹಾಗಲ್ಲ, ಒಂದು ದಾಖಲೆಯಿದೆ. ಪ್ರಧಾನಿ ನೆಹರೂ ಅವರ ಸರಕಾರದ ಕೋರಿಕೆಯ ಮೇರೆಗೆ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫ್ಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರನ್ನೊಳಗೊಂಡ ತಂಡ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಸಂಸ್ಥಾನವನ್ನು ಸುತ್ತಿತು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದು ಆ ತಂಡ ಹೆಸರಿಸಿದ್ದು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ. ಈ ನಾಲ್ಕರಲ್ಲೇ ಸತ್ತವರು 18,000ಕ್ಕೆ ಕಡಿಮೆಯಿಲ್ಲವೆಂದೂ, ಇಡೀ ಸಂಸ್ಥಾನದಲ್ಲಿ ಕನಿಷ್ಠ 27,000ದಿಂದ 40,000 ಮಂದಿ ಪ್ರಾಣ ಕಳೆದುಕೊಂಡರೆಂದೂ ಅದು ಅಂದಾಜಿಸಿತು. ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಕಡತಗಳಲ್ಲಿ ಮಲಗಿತ್ತು. 2013ರ ಹೊತ್ತಿಗೆ ಅದರ ಪೂರ್ಣಪಾಠ ಸಾರ್ವಜನಿಕರ ಕೈಗೆ ದೊರೆಯುವಂತಾಯಿತು.

ಆ ವರದಿಯನ್ನು ನಾವು ಇಲ್ಲಿ ನೆನೆಯುವುದು ಅಂಕಿಗಳಿಗಾಗಿ ಮಾತ್ರವಲ್ಲ. ಮನುಷ್ಯರನ್ನು ತೂಗಿನೋಡಿದ ಅದರ ಬಗೆಗಾಗಿ. ರಜಾಕಾರರು ಹಳ್ಳಿಗಳಿಂದ ಹಣ ವಸೂಲು ಮಾಡಿದ್ದನ್ನು, ಎದುರಿಸಿದಲ್ಲಿ ಲೂಟಿ, ಬೆಂಕಿ, ಕೊಲೆಗಳನ್ನು ಎಸಗಿದ್ದನ್ನು ಅದು ಮುಚ್ಚಿಡಲಿಲ್ಲ. ಸೇನೆಯ ಮುಖ್ಯಸ್ಥರಾಗಿದ್ದ ಚೌಧುರಿಯವರಲ್ಲಿ ಕೋಮುಭಾವನೆಯಿರಲಿಲ್ಲವೆಂದು ಮೆಚ್ಚಿಕೊಂಡಿತು. ಅದೇ ಉಸಿರಿನಲ್ಲಿ, ಸೈನಿಕರೂ ಸ್ಥಳೀಯ ಪೊಲೀಸರೂ ಲೂಟಿ ಮತ್ತು ಇತರ ಅಪರಾಧಗಳಲ್ಲಿ ಪಾಲ್ಗೊಂಡ ನಿದರ್ಶನಗಳಿವೆಯೆಂದು ಬರೆಯಿತು. ಗಡಿಯಾಚೆಯಿಂದ ನುಸುಳಿದ ಶಸ್ತ್ರಧಾರಿ ಗುಂಪುಗಳನ್ನು ಬೆಟ್ಟು ಮಾಡಿತು. ಅಷ್ಟಕ್ಕೇ ನಿಲ್ಲದೆ, ತಮ್ಮ ಪ್ರಾಣವನ್ನೇ ಒತ್ತೆಯಿಟ್ಟು ಮುಸ್ಲಿಮ್ ನೆರೆಹೊರೆಯವರನ್ನು ಕಾಪಾಡಿದ ಹಿಂದೂಗಳನ್ನು, ವಿಶೇಷವಾಗಿ ಮುಸ್ಲಿಮ್ ನೇಕಾರರಿಗೆ ರಕ್ಷಣೆಯಾಗಿ ನಿಂತ ಹಿಂದೂ ನೇಕಾರರನ್ನು ಮನಸಾರೆ ಸ್ಮರಿಸಿತು. ಅಂದರೆ, ಕೊಲೆಗಾರನನ್ನು ಕೊಲೆಗಾರನೆಂದೂ ಕಾಪಾಡಿದವನನ್ನು ಕಾಪಾಡಿದವನೆಂದೂ ಕರೆಯಿತು. ಯಾರ ಧರ್ಮವನ್ನೂ ಅಪರಾಧಿಯ ಪಂಜರದಲ್ಲಿ ನಿಲ್ಲಿಸಲಿಲ್ಲ. ಸಂಸ್ಥಾನದ ನೆತ್ತರು ಇನ್ನೂ ಆರದಿದ್ದ ದಿನಗಳಲ್ಲೇ ಮೂವರು ಹಿರಿಯರಿಗೆ ಸಾಧ್ಯವಾದ ನ್ಯಾಯಬುದ್ಧಿ, ಏಳೂವರೆ ದಶಕಗಳ ಬಳಿಕ ನಮ್ಮ ಭಾಷಣಕಾರರಿಗೆ ಏಕೆ ಸಾಧ್ಯವಾಗುತ್ತಿಲ್ಲ?

ಯಾರು ಯಾವ ಕಡೆ ಇದ್ದರೆಂಬ ಲೆಕ್ಕವೂ ಧರ್ಮದ ಗೆರೆಯ ಮೇಲೆ ಇರಲಿಲ್ಲ. ನಿಜಾಮರ ಕೊನೆಯ ಮಂತ್ರಿಮಂಡಲದಲ್ಲಿ ಪಿಂಗಳಿ ವೆಂಕಟರಾಮ ರೆಡ್ಡಿ ಉಪಪ್ರಧಾನಿಯಾಗಿದ್ದರು. ದಲಿತ ನಾಯಕ ಬಿ.ಎಸ್. ವೆಂಕಟರಾವ್ ಸಚಿವರಾಗಿದ್ದರು. ವಿಶ್ವಸಂಸ್ಥೆಯಲ್ಲಿ ಹೈದರಾಬಾದಿನ ಪರ ವಾದಿಸಲು ಹೋದ ನಿಯೋಗದಲ್ಲಿ ಶ್ಯಾಮಸುಂದರ್ ಇದ್ದರು; 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆಯನ್ನು ಕಟ್ಟಿದವರು ಅವರೇ. ಇತ್ತ ಉರ್ದುವಿನ ಹೆಸರಾಂತ ಕವಿ ಮಖ್ದೂಮ್ ಮೊಹಿಯುದ್ದೀನ್ ನಿಜಾಮರ ಆಡಳಿತದ ವಿರುದ್ಧ ತೆಲಂಗಾಣದ ರೈತಹೋರಾಟದ ಮುಂಚೂಣಿಯಲ್ಲಿದ್ದರು. ವೆಂಕಟರಾಮ ರೆಡ್ಡಿಯವರ ಸಲುವಾಗಿ ಹಿಂದೂಗಳೆಲ್ಲ ಉತ್ತರ ಕೊಡಬೇಕೆಂದು ಯಾರೂ ಕೇಳುವುದಿಲ್ಲ, ಕೇಳಬಾರದು ಕೂಡ. ಹಾಗಾದರೆ ರಜ್ವಿಯ ಸಲುವಾಗಿ ಆಳಂದದ, ಅಫಜಲಪುರದ, ಜೇವರ್ಗಿಯ ಹಮಾಲನೂ ಪಂಕ್ಚರ್ ಅಂಗಡಿಯ ಹುಡುಗನೂ ಏಕೆ ಉತ್ತರ ಕೊಡಬೇಕು?

ಇನ್ನೂ ದೊಡ್ಡ ವಿಪರ್ಯಾಸವಿದೆ. ಯಾರ ಸಿಂಹಾಸನಕ್ಕಾಗಿ ಇಷ್ಟೆಲ್ಲ ನಡೆಯಿತೋ ಆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರನ್ನು ಭಾರತ ಸರಕಾರ 1950ರ ಜನವರಿ 26ರಂದು ರಾಜಪ್ರಮುಖರನ್ನಾಗಿ ಮಾಡಿತು. 1956ರಲ್ಲಿ ರಾಜ್ಯ ವಿಂಗಡಣೆಯಾಗುವವರೆಗೂ ಅವರು ಆ ಗೌರವದಲ್ಲಿ ಮುಂದುವರಿದರು. ಪ್ರಧಾನಮಂತ್ರಿ ಲಾಯಕ್ ಅಲಿ 1950ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು. ಖಾಸಿಮ್ ರಜ್ವಿ 1957ರಲ್ಲಿ ಸೆರೆಯಿಂದ ಬಿಡುಗಡೆ ಹೊಂದಿ ಅದೇ ದಾರಿ ಹಿಡಿದ. ದೊರೆಗೆ ಪದವಿ ಸಿಕ್ಕಿತು, ಮಂತ್ರಿಗೆ ಕರಾಚಿ ಸಿಕ್ಕಿತು, ಪ್ರಚೋದಕನಿಗೂ ಕರಾಚಿ ಸಿಕ್ಕಿತು. ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾಗಬೇಕೆಂದು ಉಳಿದುಕೊಂಡ ಬಡ ಮುಸ್ಲಿಮನಿಗೆ ಸಿಕ್ಕಿದ್ದು ‘ರಜಾಕಾರನ ಸಂತಾನ’ ಎಂಬ ಬಿರುದು. ಓಡಿಹೋದವರ ಪಾಪವನ್ನು ಉಳಿದವರ ಹೆಗಲಿಗೆ ಹೊರಿಸುವ ಈ ಲೆಕ್ಕಾಚಾರವನ್ನು ಯಾವ ಧರ್ಮ ಒಪ್ಪುತ್ತದೆ, ಯಾವ ಸಂವಿಧಾನ ಒಪ್ಪುತ್ತದೆ?

ಗಾಯಗೊಂಡವರಿಗೆ ಸಿಟ್ಟಿರುವುದು ಸಹಜವಲ್ಲವೇ ಎಂದು ಕೆಲವರು ಕೇಳುತ್ತಾರೆ. ಗಾಯಗೊಂಡವರನ್ನೇ ಕೇಳೋಣ. ಭಾಲ್ಕಿ ತಾಲೂಕಿನ ವರವಟ್ಟಿಯಲ್ಲಿ ರಜಾಕಾರರು ಇಟ್ಟ ಬೆಂಕಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ತಾಯಿ ಮತ್ತು ಸೋದರಿ ಅಸುನೀಗಿದರು. ಬದುಕುಳಿದ ಮಗು ತಂದೆಯೊಂದಿಗೆ ಊರು ಬಿಟ್ಟು ಕಲಬುರಗಿಗೆ ಬಂದು ಬೆಳೆಯಿತು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿ ಯೋಗಿ ಆದಿತ್ಯನಾಥರು ಚುನಾವಣಾ ಪ್ರಚಾರದಲ್ಲಿ ಈ ದುರಂತವನ್ನೆತ್ತಿ, ಖರ್ಗೆಯವರು ಮತಕ್ಕಾಗಿ ಅದನ್ನು ಮರೆಮಾಚುತ್ತಿದ್ದಾರೆಂದು ಆರೋಪಿಸಿದರು. ಆಗ ಪುತ್ರ ಪ್ರಿಯಾಂಕ್ ಖರ್ಗೆ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟೇ: ಆ ಕೃತ್ಯವೆಸಗಿದವರು ರಜಾಕಾರರು, ಇಡೀ ಮುಸ್ಲಿಮ್ ಸಮುದಾಯವಲ್ಲ. ಅಜ್ಜಿಯನ್ನು ಕಳೆದುಕೊಂಡ ಮನೆತನಕ್ಕೆ ಈ ವ್ಯತ್ಯಾಸ ಕಾಣುತ್ತದೆ. ಒಂದು ಹನಿ ರಕ್ತವನ್ನೂ ಕಳೆದುಕೊಳ್ಳದೆ ಸಾವಿರ ಮೈಲಿ ದೂರದಲ್ಲಿರುವವರಿಗೆ ಅದು ಕಾಣುವುದಿಲ್ಲ. ಸಿಟ್ಟು ಗಾಯದಿಂದ ಹುಟ್ಟಿದ್ದೋ ಮತಪೆಟ್ಟಿಗೆಯಿಂದ ಹುಟ್ಟಿದ್ದೋ ಎಂಬುದನ್ನು ಓದುಗರೇ ನಿರ್ಧರಿಸಲಿ.

ಹೀಗೆ ಹೇಳಿ ನಾವು ಬೇರೆಯವರತ್ತ ಬೆರಳು ತೋರಿಸಿ ಸುಮ್ಮನಾದರೆ ಮಾತು ಅರ್ಧವಾದೀತು. ನಮ್ಮೊಳಗಿನ ಅನ್ಯಾಯವನ್ನೂ ನೋಡಬೇಕು. ನಮ್ಮಲ್ಲಿ ಕೆಲವರು ಇಂದಿಗೂ ರಜ್ವಿಯ ಹೆಸರು ಬಂದಾಗ ನಿಟ್ಟುಸಿರು ಬಿಡುತ್ತಾರೆ. ಅವನೊಬ್ಬ ‘ಶೇರ್’ ಆಗಿದ್ದನೆಂಬ ಮಾತು ಕಟ್ಟೆಯ ಹರಟೆಗಳಲ್ಲಿ ಸತ್ತಿಲ್ಲ. ಯಾವ ಹುಲಿ ಇದು? ತನ್ನ ಜನರನ್ನು ಬೆಂಕಿಗೆ ನೂಕಿ ತಾನು ಗಡಿ ದಾಟಿದ ಹುಲಿಯೇ? ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಎಂಟನೆಯ ಒಂದು ಪಾಲಷ್ಟೇ ಇದ್ದ ಸಮುದಾಯವನ್ನು ಇಡೀ ದೇಶದ ಸೇನೆಯ ಎದುರು ನಿಲ್ಲಿಸಿದ ನಾಯಕತ್ವ ಧೈರ್ಯವೂ ಅಲ್ಲ, ಧರ್ಮರಕ್ಷಣೆಯೂ ಅಲ್ಲ. ಅದು ಅಮಾಯಕರ ರಕ್ತದೊಂದಿಗೆ ಆಡಿದ ಜೂಜು. ಅದನ್ನು ಜೂಜೆಂದು ಕರೆದ ಶೋಯೆಬುಲ್ಲಾರನ್ನು ಅಂದು ಗದ್ದಾರ್ ಎಂದರು. ಇತಿಹಾಸ ಯಾರ ಮಾತನ್ನು ನಿಜ ಮಾಡಿತು? ಅವರ ಎಚ್ಚರಿಕೆಯನ್ನು ಕೇಳಿದ್ದರೆ ನಮ್ಮ ನಾಲ್ಕು ಜಿಲ್ಲೆಗಳ ಎಷ್ಟೋ ಮನೆಗಳ ದೀಪ ಆರುತ್ತಿರಲಿಲ್ಲ. ಗದ್ದಾರ್ ಎನ್ನಿಸಿಕೊಂಡವನೇ ಸಮುದಾಯದ ನಿಜವಾದ ಹಿತೈಷಿಯಾಗಿದ್ದ. ಅನ್ಯಾಯ ಮಾಡುತ್ತಿರುವ ಸ್ವಜನರ ಕೈ ಹಿಡಿದು ನಿಲ್ಲಿಸುವುದೂ ಅವರಿಗೆ ಮಾಡುವ ಸಹಾಯವೇ ಎಂಬ ಪಾಠವನ್ನು ನಾವು ಮಸೀದಿಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಹಾಗೆ ನಿಲ್ಲಿಸಲು ಹೋಗಿ ಕೈ ಕಳೆದುಕೊಂಡವನನ್ನು ಮಾತ್ರ ಮರೆತಿದ್ದೇವೆ.

ಯುದ್ಧ ಮುಗಿದ ಮೇಲೆ ಸಮಾಜಗಳು ಯೋಧನಿಗೆ ಬೇಗ ಪದಕ ಕೊಡುತ್ತವೆ. ಯುದ್ಧ ಬೇಡವೆಂದವನಿಗೆ ಗೌರವ ಬಹಳ ತಡವಾಗಿ ಬರುತ್ತದೆ. ಆದರೆ ಬರುತ್ತದೆ. ವಿಯೆಟ್ನಾಮ್ ಯುದ್ಧಕ್ಕೆ ಹೋಗಲೊಲ್ಲೆನೆಂದು 1967ರಲ್ಲಿ ನಿರಾಕರಿಸಿದ ಮುಹಮ್ಮದ್ ಅಲಿಯವರ ಬಾಕ್ಸಿಂಗ್ ಪಟ್ಟವನ್ನು ಅಮೆರಿಕ ಕಿತ್ತುಕೊಂಡಿತು, ನ್ಯಾಯಾಲಯ ಐದು ವರ್ಷಗಳ ಶಿಕ್ಷೆ ವಿಧಿಸಿತು. 1971ರಲ್ಲಿ ಸುಪ್ರೀಮ್ ಕೋರ್ಟು ಆ ಶಿಕ್ಷೆಯನ್ನು ತಳ್ಳಿಹಾಕಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನ ಜ್ಯೋತಿ ಬೆಳಗಿಸಲು ಅದೇ ದೇಶ ಅವರನ್ನೇ ಕರೆಯಿತು. 2005ರಲ್ಲಿ ಅಧ್ಯಕ್ಷರ ಸ್ವಾತಂತ್ರ್ಯ ಪದಕವನ್ನೂ ನೀಡಿತು. ಅದೇ ಅಮೆರಿಕ 1982ರಲ್ಲಿ ವಿಯೆಟ್ನಾಮಿನಲ್ಲಿ ಮಡಿದ ತನ್ನ ಸೈನಿಕರ ಹೆಸರುಗಳನ್ನು ವಾಷಿಂಗ್ಟನ್ನಿನ ಗೋಡೆಯ ಮೇಲೆ ಕೆತ್ತಿಸಿತ್ತು. ಸೈನಿಕನ ದುಃಖವನ್ನೂ ನಿರಾಕರಿಸಿದವನ ಆತ್ಮಸಾಕ್ಷಿಯನ್ನೂ ಒಂದೇ ದೇಶ ಗೌರವಿಸಬಲ್ಲದು ಎಂದಾಯಿತು. ಹಿಟ್ಲರನ ಸೇನೆಯನ್ನು ತೊರೆದವರ ಮೇಲಿದ್ದ ಶಿಕ್ಷೆಗಳನ್ನು ಜರ್ಮನಿಯ ಸಂಸತ್ತು 2002ರಲ್ಲಿ ರದ್ದುಪಡಿಸಿತು. ಅಲ್ಲಿಯವರೆಗೂ ಅವರು ಕಾನೂನಿನ ಕಣ್ಣಲ್ಲಿ ದ್ರೋಹಿಗಳೇ ಆಗಿದ್ದರು. ಅಷ್ಟು ದೊಡ್ಡ ದೇಶಗಳು ತಮ್ಮ ತೀರ್ಪನ್ನು ತಿದ್ದಿಕೊಳ್ಳಬಲ್ಲವಾದರೆ ನಮ್ಮ ನಾಡಿಗೇನು ಅಡ್ಡಿ?

ಹಳೆಯ ಗಾಯವನ್ನು ಕೆದಕುವುದೇಕೆ ಎಂಬ ಇನ್ನೊಂದು ಆಕ್ಷೇಪ ಬರುತ್ತದೆ. ಕೆದಕುತ್ತಿರುವವರು ನಾವಲ್ಲ. ಪ್ರತಿವರ್ಷ ಅದನ್ನು ಕೆದಕಲಾಗುತ್ತಿದೆ. 2024ರಲ್ಲಿ ‘ರಜಾಕಾರ್’ ಹೆಸರಿನ ಚಲನಚಿತ್ರವೇ ಬಂತು. ಅದೇ ವರ್ಷ ಕೇಂದ್ರ ಸರಕಾರ ಸೆಪ್ಟೆಂಬರ್ 17ನ್ನು ಹೈದರಾಬಾದ್ ವಿಮೋಚನಾ ದಿನವೆಂದು ಅಧಿಕೃತವಾಗಿ ಘೋಷಿಸಿತು. ಗಾಯವನ್ನು ಒಂದೇ ಕಡೆಯಿಂದ ಕೆದಕುತ್ತ ಇನ್ನೊಂದು ಕಡೆಯವರಿಗೆ ಮರೆವಿನ ಉಪದೇಶ ಮಾಡುವುದು ಶಾಂತಿಯ ಮಾರ್ಗವಲ್ಲ. ಗಾಯ ಮಾಯಬೇಕಾದರೆ ಅದನ್ನು ಪೂರ್ತಿ ತೊಳೆಯಬೇಕು.

ಆಗಬೇಕಾದುದೇನು? ಸೆಪ್ಟೆಂಬರ್ 17ರ ಸರಕಾರಿ ಭಾಷಣದಲ್ಲಿ ಶೋಯೆಬುಲ್ಲಾ ಖಾನರ ಹೆಸರು ಹುತಾತ್ಮರ ಸಾಲಿನಲ್ಲಿ ಬರಲಿ. ಶಾಲೆಯ ಪಠ್ಯದಲ್ಲಿ ರಜಾಕಾರರ ಪಾಠವಿರುವಲ್ಲಿ ಅವರಿಗೆ ಎದುರಾದ ಆ ಏಳು ಮಂದಿಯ ಹೇಳಿಕೆಯೂ ಇರಲಿ. ಸುಂದರಲಾಲ್ ವರದಿ ಕನ್ನಡದಲ್ಲಿ ಜಿಲ್ಲಾ ಗ್ರಂಥಾಲಯಗಳ ಕಪಾಟು ಸೇರಲಿ. ಇವು ಸರಕಾರದ ಕೆಲಸ. ನಮ್ಮ ಕೆಲಸ ಬೇರೆಯಿದೆ ಮತ್ತು ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಮ್ಮ ಜಮಾಅತುಗಳು, ಯುವಕ ಸಂಘಗಳು, ವಿದ್ಯಾಸಂಸ್ಥೆಗಳು ಆಗಸ್ಟ್ 22ನ್ನು ನೆನಪಿಡಲಿ. ಆ ದಿನ ಮಕ್ಕಳಿಗೆ ಈ ಪತ್ರಕರ್ತನ ಕಥೆ ಹೇಳಲಿ. ರಜ್ವಿಯ ಬಗ್ಗೆ ನಿಟ್ಟುಸಿರು ಬಿಡುವ ಹಿರಿಯರಿಗೆ ವಿನಯದಿಂದಲೇ ಪ್ರತಿ ಹೇಳಲಿ.

ಮತ್ತೊಂದು ಕೆಲಸಕ್ಕೆ ಕಾಲ ಮೀರುತ್ತಿದೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಆಸುಪಾಸು. ಮಠದಿಂದ ಹೆಸರಾದ ಜಿಡಗಾದಂತಹ ಊರುಗಳಲ್ಲಿ, ಲಾಡ್ಲೆ ಮಶಾಯಖರ ದರ್ಗಾವಿರುವ ಆಳಂದದಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಅಂತಹ ಅಜ್ಜ-ಅಜ್ಜಿಯರು ಇನ್ನೂ ಕೆಲವರಾದರೂ ಇದ್ದಾರು. ಹಿಂದೂಗಳಿರಲಿ, ಮುಸ್ಲಿಮರಿರಲಿ, ಅವರ ಮುಂದೆ ಕುಳಿತು ಕೇಳಬೇಕಾದದ್ದು ಒಂದೇ ಪ್ರಶ್ನೆಯಲ್ಲ, ಎರಡು. ಯಾರು ಕೊಂದರು ಎಂದು ಕೇಳುವಾಗಲೇ ಯಾರು ಕಾಪಾಡಿದರು ಎಂದೂ ಕೇಳಬೇಕು. ಮೊದಲನೆಯದಕ್ಕೆ ಸಿಗುವ ಉತ್ತರವನ್ನು ರಾಜಕಾರಣಿಗಳು ಈಗಾಗಲೇ ಚೆನ್ನಾಗಿ ಮಾರಿಕೊಂಡಿದ್ದಾರೆ. ಎರಡನೆಯದರ ಉತ್ತರವನ್ನು ಬರೆದಿಡುವವರು ಬೇಕಾಗಿದ್ದಾರೆ. ಅದು ಆ ಹಿರಿಯರೊಂದಿಗೇ ಮಣ್ಣು ಸೇರುವ ಮೊದಲು ಯಾರಾದರೂ ಬರೆದಿಡಲಿ.